ಕೂಲಿಕಾರರ ಮನೆಯ ಮಕ್ಕಳು ಕಲೆಯಲ್ಲಿ ನೆಲೆ ನಿಲ್ಲುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಅಪ್ಪ ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿ ಮಾರುಕಟ್ಟೆಯಲ್ಲಿ ಹಮಾಲರಾಗಿದ್ದರು. ನಾನು ನಂಬರ್ ಪ್ಲೇಟ್ ಬರೆದೆ, ಅಂಗಡಿಗಳ ಬೋರ್ಡು ಬರೆದೆ, ನಾಟಕದ ಪರದೆ ಬರೆದೆ. ನಡುವೆ ಧಾರವಾಡದಲ್ಲಿ ಚಿತ್ರಕಲೆ ಓದಿದೆ. ಈಗ ರಂಗಸಜ್ಜಿಕೆಯ ಕೆಲಸ ಮಾಡುತ್ತ ಭಾನುವಾರ ಮಕ್ಕಳಿಗೆ ಚಿತ್ರ ಕಲಿಸುತ್ತೇನೆ. ತರಗತಿ ಮುಗಿದ ಮೇಲೆ ದೊಡ್ಡ ಹುಡುಗ ಹುಡುಗಿಯರು, ಅವರ ಅವ್ವಂದಿರು, ಅಪರೂಪಕ್ಕೆ ಒಂದು ಪಾಳಿಯ ಕೆಲಸ ಬಿಟ್ಟು ಬಂದ ಅಪ್ಪಂದಿರು ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಹಾಡುವವರು, ತಬಲಾದವರು, ಡೊಳ್ಳಿನ ತಂಡದವರು ಕೂಡ ಕೇಳುತ್ತಾರೆ. ಸಂಗೀತದ ಬಗ್ಗೆ ನಾನು ಹೇಳುವುದೆಲ್ಲ ಪಕ್ಕದಲ್ಲಿ ಕುಳಿತು ಕಂಡದ್ದು.

ಕಲೆಯನ್ನೇ ನಂಬಿದರೆ ಹೊಟ್ಟೆ ತುಂಬುತ್ತದೆಯೇ?

ಮೊದಲ ಹತ್ತು ವರ್ಷ ತುಂಬುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆದರೆ ಕಲೆಯ ಸುತ್ತಮುತ್ತಲಿನ ಕೆಲಸದಿಂದ ತುಂಬುತ್ತದೆ, ಮತ್ತು ಆ ಸುತ್ತಮುತ್ತ ಬಹಳ ದೊಡ್ಡದು. ಹಾಡುಗಾರ ಆಗಬೇಕೆಂದವನು ಪೇಟಿ (ಹಾರ್ಮೋನಿಯಂ) ದುರಸ್ತಿ ಕಲಿಯಬಹುದು, ಶಾಲೆಯ ಮಕ್ಕಳಿಗೆ ಸ್ವಾಗತ ಗೀತೆ ಕಲಿಸಬಹುದು, ಭಜನಾ ಸಂಘಕ್ಕೆ ಪೇಟಿ ಹಿಡಿಯಬಹುದು. ನಟನಾಗಬೇಕೆಂದವನು ಬೆಳಕಿನ ಕೆಲಸ, ಪ್ರಸಾಧನ ಕಲಿಯಬಹುದು. ನಾಟಕದಲ್ಲಿ ಪಾತ್ರ ಹತ್ತು ಜನಕ್ಕೆ ಸಿಕ್ಕರೆ ಬೆಳಕಿಗೆ ಬೇಕಾಗುವವನು ಒಬ್ಬನೇ, ಅವನು ಪ್ರತಿ ನಾಟಕಕ್ಕೂ ಬೇಕು.

ನಾನು ಮೊದಲ ಪರದೆ ಬರೆದದ್ದು ನಮ್ಮ ಓಣಿಯ ಗರಡಿಮನೆಯ ಅಂಗಳದಲ್ಲಿ. ಮಂಜರಪಾಟದ ಬಟ್ಟೆಯನ್ನು ನೆಲದ ಮೇಲೆ ಎಳೆದು ಕಟ್ಟಿ, ಅಂಟು ಕಾಯಿಸಿ, ಪುಡಿಬಣ್ಣ ಕಲಸಿ, ಬರಿಗಾಲಲ್ಲಿ ಬಟ್ಟೆಯ ಮೇಲೆಯೇ ಓಡಾಡುತ್ತ ಉದ್ದ ಕೋಲಿಗೆ ಕಟ್ಟಿದ ಕುಂಚದಿಂದ ದರ್ಬಾರು ಬರೆಯಬೇಕು. ಅಂಟು ಹೆಚ್ಚಾದರೆ ಪರದೆ ಸುತ್ತುವಾಗ ಬಣ್ಣ ಬಿರಿಯುತ್ತದೆ. ಕಡಿಮೆಯಾದರೆ ರಾಜನ ಅಂಗಿಗೆ ಅರಮನೆಯ ಕಂಬದ ಬಣ್ಣ ಮೆತ್ತುತ್ತದೆ. ನನ್ನ ಮೊದಲ ಪರದೆಯಲ್ಲಿ ಎರಡೂ ಆದವು. ಆದರೆ ಹತ್ತಿರದಲ್ಲಿ ಕಂಬವಾಗಿ ಕಾಣುವ ಗೆರೆ ಐವತ್ತು ಅಡಿ ದೂರದಿಂದ ಹೇಗೆ ಕಾಣುತ್ತದೆ ಎಂಬುದನ್ನು ಅಂದು ಕಲಿತೆ. ಮುಂದೆ ಚಿತ್ರಕಲಾ ಶಾಲೆಯಲ್ಲಿ ಅದೇ ವಿಷಯಕ್ಕೆ ದೊಡ್ಡ ಹೆಸರಿದೆ ಎಂದು ಗೊತ್ತಾಯಿತು. ಹೊಟ್ಟೆಪಾಡಿನ ಕೆಲಸ ಕಲೆಗೆ ಇಷ್ಟು ಹತ್ತಿರ ಇದ್ದರೆ ದಿನ ಹಾಳಾಗುವುದಿಲ್ಲ.

ಮನೆಯಲ್ಲಿ ಒಪ್ಪುತ್ತಿಲ್ಲ. ಏನು ಮಾಡಲಿ?

ಅವರ ಲೆಕ್ಕವನ್ನು ಮೊದಲು ಕೇಳಿಸಿಕೊಳ್ಳಿ. ತಿಂಗಳ ಬಾಡಿಗೆ, ಸಂಘದ ಕಂತು, ತಂಗಿಯ ಫೀ. ಈ ಮೂರರಲ್ಲಿ ಒಂದನ್ನು ನೀವು ಹೊತ್ತುಕೊಳ್ಳಿ, ಒಂದನ್ನು ಮಾತ್ರ. ಹೊತ್ತ ಮೇಲೆ ಒಂದು ತಿಂಗಳೂ ತಪ್ಪಿಸಬೇಡಿ. ನಾನು ಮನೆಯ ಕರೆಂಟ್ ಬಿಲ್ಲು ಹೊತ್ತುಕೊಂಡಿದ್ದೆ. ನಾಲ್ಕಾರು ತಿಂಗಳಾದ ಮೇಲೆ ಅವ್ವ ಪಕ್ಕದ ಮನೆಯವರಿಗೆ, ‘ನಮ್ಮ ಹುಡುಗ ಬಣ್ಣದ ಕೆಲಸಕ್ಕೆ ಹೋಗುತ್ತಾನೆ’ ಎಂದು ಹೇಳುವುದು ಕೇಳಿಸಿತು. ಅಲ್ಲಿಯವರೆಗೆ ‘ಏನೋ ಗೀಚುತ್ತಾನೆ’ ಎನ್ನುತ್ತಿದ್ದಳು.

ಮನೆಯವರಿಗೆ ಕಲೆಯ ಮಹತ್ವ ವಿವರಿಸಲು ಹೋಗಬೇಡಿ. ದಿನಕ್ಕೆ ನೂರಾರು ಚೀಲ ಎತ್ತಿ ಬಂದವರ ಮುಂದೆ ಸೌಂದರ್ಯದ ಮಾತಾಡುವುದು ಹುಂಬತನ. ನಾನು ಆಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ವಯಸ್ಸು ಇಪ್ಪತ್ತು ದಾಟಿದೆ. ತಡವಾಯಿತೇ?

ಚಿತ್ರ, ನಾಟಕ, ಜಾನಪದಕ್ಕೆ ಇಲ್ಲ. ಶಾಸ್ತ್ರೀಯ ಸಂಗೀತಕ್ಕೆ ಚಿಕ್ಕಂದಿನಲ್ಲೇ ಕಿವಿ ತಯಾರಾಗಿದ್ದರೆ ಒಳ್ಳೆಯದು, ನಿಜ. ಆದರೂ 1913ರಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರು ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ ಕ್ರಮವಾಗಿ ಪಾಠಕ್ಕೆ ಕುಳಿತದ್ದು ಇಪ್ಪತ್ತು ದಾಟಿದ ಮೇಲೆ, ಮಕ್ಕಳ ತಾಯಿಯಾದ ಮೇಲೆ. ಅದಕ್ಕೆ ಮೊದಲೇ ತಾಯಿ ಅಂಬಾಬಾಯಿಯವರ ಕರ್ನಾಟಕ ಸಂಗೀತ ಮನೆಯಲ್ಲಿ ಕಿವಿಗೆ ಬೀಳುತ್ತಿತ್ತು, ಬೇರೆ ಗುರುಗಳಲ್ಲಿ ಪಾಠವೂ ಆಗಿತ್ತು ಎಂಬುದನ್ನು ಮರೆಯಬಾರದು. ಪಾಠ ತಡವಾದರೆ ನಡೆಯುತ್ತದೆ, ಕೇಳುವುದು ತಡವಾಗಬಾರದು.

ಗುರುಗಳಿಗೆ ಫೀ ಕೊಡಲು ಹಣವಿಲ್ಲ. ಎಲ್ಲಿ ಕಲಿಯಲಿ?

ಈ ಪ್ರಶ್ನೆಗೆ ನಮ್ಮ ಸೀಮೆಯಷ್ಟು ಒಳ್ಳೆಯ ಉತ್ತರ ಇರುವ ಸೀಮೆ ಕಡಿಮೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರು, ಅನಾಥರು, ಬಡವರ ಮಕ್ಕಳು ಊಟ ವಸತಿಯೊಂದಿಗೆ ಸಂಗೀತ ಕಲಿಯುತ್ತ ಬಂದಿದ್ದಾರೆ. ಅದನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳೂ, ಅವರ ನಂತರ 2010ರವರೆಗೆ ನಡೆಸಿದ ಪುಟ್ಟರಾಜ ಗವಾಯಿಗಳೂ ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ ತಾಲೂಕಿನ ಹಳ್ಳಿಗಳಲ್ಲಿ ಹುಟ್ಟಿದವರು, ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಹಿಂದೂಸ್ತಾನಿ ಗಾಯಕ ಬಸವರಾಜ ರಾಜಗುರು ಅವರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಆಶ್ರಮದಿಂದ ಬಂದವರಲ್ಲಿ ದೊಡ್ಡ ಗಾಯಕರ ಹೆಸರು ಎಲ್ಲರಿಗೂ ಗೊತ್ತು. ನನಗೆ ಹೆಚ್ಚು ಮುಖ್ಯ ಅನಿಸುವುದು ಹೆಸರಾಗದೆ ಶಾಲೆಗಳಲ್ಲಿ, ಮಠಗಳಲ್ಲಿ, ನಾಟಕ ಕಂಪನಿಗಳಲ್ಲಿ ಜೀವನವಿಡೀ ಪೇಟಿ ತಬಲಾ ನುಡಿಸಿ ಸಂಸಾರ ಸಾಗಿಸಿದವರು. ಅಂಥವರು ನಮ್ಮ ಪ್ರತಿ ತಾಲೂಕಿನಲ್ಲೂ ಇದ್ದಾರೆ. ನಿಮ್ಮ ಊರಿನ ಪೇಟಿ ಮಾಸ್ತರರನ್ನು ವಿಚಾರಿಸಿ ನೋಡಿ, ಕೊನೆಗೆ ದಾರಿ ಗದುಗಿಗೇ ಹೋಗಿ ಮುಟ್ಟುವ ಸಾಧ್ಯತೆ ಹೆಚ್ಚು.

ಇನ್ನು ವಿದ್ಯಾರ್ಥಿವೇತನ. ಕೇಂದ್ರ ಸರ್ಕಾರದ ಸಿಸಿಆರ್‌ಟಿ (ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ) ಸಂಸ್ಥೆ 10ರಿಂದ 14 ವರ್ಷದ ಮಕ್ಕಳನ್ನು ಸಂಗೀತ, ನೃತ್ಯ, ಚಿತ್ರ, ಶಿಲ್ಪ ಮುಂತಾದವುಗಳಲ್ಲಿ ಆರಿಸಿ ವರ್ಷಕ್ಕೆ 3,600 ರೂಪಾಯಿ, ಜೊತೆಗೆ 9,000 ರೂಪಾಯಿವರೆಗೆ ಗುರುಗಳ ಫೀ ಕೊಡುವ ಯೋಜನೆ ಇಟ್ಟಿದೆ. ಸಂಸ್ಕೃತಿ ಸಚಿವಾಲಯದ ಇನ್ನೊಂದು ಯೋಜನೆ 18ರಿಂದ 25 ವರ್ಷದವರಿಗೆ. ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ. ಇದಕ್ಕೆ ಗುರುಗಳ ಬಳಿ ಕನಿಷ್ಠ ಐದು ವರ್ಷ ಕಲಿತಿರಬೇಕು. ನಮ್ಮ ಮಕ್ಕಳು ಬೀಳುವುದು ಇಲ್ಲೇ. ಕಲಿತಿರುತ್ತಾರೆ, ಆದರೆ ಕಲಿತದ್ದಕ್ಕೆ ಒಂದು ಚೀಟಿ ಇರುವುದಿಲ್ಲ. ಪಾಠ ಆರಂಭಿಸಿದ ವರ್ಷವೇ ಗುರುಗಳಿಂದ ದಿನಾಂಕ ಹಾಕಿದ ಪತ್ರ ಬರೆಸಿಕೊಳ್ಳಿ. ಗುರುಗಳನ್ನು ಪತ್ರ ಕೇಳುವುದು ಅಗೌರವವಲ್ಲ.

ಫೀ ಬದಲು ಗುರುಗಳ ಮನೆಗೆಲಸ ಮಾಡಬಹುದೇ?

ಹಿಂದಿನವರು ನೀರು ಹೊತ್ತು, ಕಸ ಗುಡಿಸಿ ಕಲಿತರು. ಆ ಕಥೆಗಳನ್ನು ಕೇಳಿ ಬೆಳೆದ ನನಗೆ ಅದರಲ್ಲಿ ತಪ್ಪು ಕಾಣದೆ ಒಂದು ಕಡೆ ಎರಡು ವರ್ಷ ಬಣ್ಣದ ಡಬ್ಬಿ ತೊಳೆದೆ. ಕೈಗೆ ಕುಂಚ ಸಿಕ್ಕಿದ್ದು ಆರು ಸಲ, ಎಣಿಸಿದ್ದೇನೆ. ತಿಂಗಳೊಳಗೆ ಪಾಠ ಆರಂಭವಾಗದಿದ್ದರೆ ಅದು ಬಿಟ್ಟಿ ದುಡಿಮೆ, ಕಾಲಿಗೆ ನಮಸ್ಕರಿಸಿ ಹೊರಟುಬಿಡಿ. ಹೆಣ್ಣುಮಕ್ಕಳು ತಿಂಗಳು ಕೂಡ ಕಾಯುವುದು ಬೇಡ.

ಪದವಿ ಬೇಕೇ? ಗುರು ಇದ್ದರೆ ಸಾಲದೇ?

ಕಲೆಗೆ ಗುರು ಸಾಕು. ಸಂಬಳಕ್ಕೆ ಕಾಗದ ಬೇಕು. ಉಳ್ಳವರ ಮನೆಯ ಮಕ್ಕಳಿಗೆ ಕಾಗದ ಇಲ್ಲದಿದ್ದರೂ ನಡೆಯುತ್ತದೆ, ಅವರಿಗೆ ಮಾವನೋ ಕಾಕನೋ ಎಲ್ಲಿಯೋ ಇರುತ್ತಾರೆ. ನಮ್ಮ ಪರವಾಗಿ ಮಾತಾಡುವುದು ಅಂಕಪಟ್ಟಿ ಮಾತ್ರ.

ಸಂಗೀತದಲ್ಲಿ ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪರೀಕ್ಷೆಗಳು ನಮ್ಮ ಕಡೆ ಬಳಕೆಯಲ್ಲಿವೆ. ಪ್ರಾರಂಭಿಕದಿಂದ ವಿಶಾರದ ಪೂರ್ಣದವರೆಗೆ ಏಳು ಮೆಟ್ಟಿಲು. ಕೂಲಿಗೆ ಹೋಗುತ್ತಲೇ ವರ್ಷಕ್ಕೊಂದು ಕಟ್ಟಿ ಮುಗಿಸಿದವರಿದ್ದಾರೆ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಂಗೀತದ ಪದವಿಯನ್ನೇ ಓದಬಹುದು. ಚಿತ್ರಕಲೆಗೆ ನಾಲ್ಕು ವರ್ಷದ ದೃಶ್ಯಕಲಾ ಪದವಿ ಇದೆ, ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು 1935ರಲ್ಲೇ ಕಲಾಶಾಲೆ ತೆರೆದಿದ್ದರು, ಈಗ ಹುಬ್ಬಳ್ಳಿ, ಗದಗಗಳಲ್ಲೂ ಲಲಿತಕಲಾ ಕಾಲೇಜುಗಳಿವೆ. ಜಾನಪದಕ್ಕೆ ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ವಿಶ್ವವಿದ್ಯಾಲಯವೇ ಇದೆ. ನಾಟಕ ಕಲಿಯುವ ಹಂಬಲ ಇದ್ದವರು ಹೆಗ್ಗೋಡಿನ ನೀನಾಸಂನ ಒಂದು ವರ್ಷದ ತರಬೇತಿಯನ್ನು ನೋಡಿ. ಅಲ್ಲಿಂದ ಬಂದ ನಮ್ಮ ಕಡೆಯ ಹುಡುಗರಲ್ಲಿ ನಾನು ಕಂಡ ದೊಡ್ಡ ಬದಲಾವಣೆ ನಟನೆಯಲ್ಲಿ ಅಲ್ಲ, ಹೇಳಿದ ಹೊತ್ತಿಗೆ ಬರುವುದರಲ್ಲಿ.

ಹಗಲು ದುಡಿಮೆ, ಸಂಜೆ ಅಭ್ಯಾಸ. ಮೈ ತಡೆದುಕೊಳ್ಳುತ್ತದೆಯೇ?

ಸಂಜೆಗೆ ಇಟ್ಟುಕೊಂಡರೆ ತಡೆದುಕೊಳ್ಳುವುದಿಲ್ಲ. ಬೆಟಗೇರಿಯ ನೇಕಾರರ ಮನೆಯ ಹುಡುಗನೊಬ್ಬ ತಬಲಾ ಅಭ್ಯಾಸವನ್ನು ಬೆಳಗಿನ ಐದರಿಂದ ಏಳಕ್ಕೆ ಇಟ್ಟುಕೊಂಡಿದ್ದ. ಸಾಧಕನ ಹಟ ಎಂದು ನಾನು ಹೊಗಳಲು ಹೋದರೆ ಅವನು ನಕ್ಕ. ಏಳಕ್ಕೆ ಓಣಿಯಲ್ಲೆಲ್ಲ ಮಗ್ಗ ಶುರುವಾದರೆ ತನ್ನ ಠೇಕಾ ತನಗೇ ಕೇಳಿಸುವುದಿಲ್ಲವಂತೆ.

ಯಾವ ದುಡಿಮೆ ಎಂಬುದೂ ಮುಖ್ಯ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದ ಹುಡುಗಿಗೆ ಒಳ್ಳೆಯ ಕಂಠವಿತ್ತು. ಸೀಸನ್ ಮುಗಿಯುವ ಹೊತ್ತಿಗೆ ಘಾಟು ಕುಡಿದು ಕೆಮ್ಮು ಅಂಟಿತು, ಮೇಲಿನ ಷಡ್ಜ ಒಡೆಯತೊಡಗಿತು. ಅವಳ ಅವ್ವನೂ ಅದೇ ಕೆಲಸದವಳಾದ್ದರಿಂದ ಯಾರಿಗೂ ಅದು ರೋಗ ಅನಿಸಿರಲಿಲ್ಲ. ಬಟ್ಟೆ ಅಂಗಡಿಗೆ ಸೇರಿಸಿದೆವು, ಕೂಲಿ ಸ್ವಲ್ಪ ಕಡಿಮೆ. ಹಾಡುವವರು ಮೆಣಸಿನಕಾಯಿ, ಹತ್ತಿ, ಸಿಮೆಂಟು, ಹಿಟ್ಟಿನ ಗಿರಣಿಯಿಂದ ದೂರ ಇರಿ. ತಬಲಾ, ಸಿತಾರಿನವರು ಕೈಬೆರಳು ಜಜ್ಜುವ ಕೆಲಸದಿಂದ ದೂರ ಇರಿ. ಚಿತ್ರಕಾರರು ಕಣ್ಣಿಗೆ ವೆಲ್ಡಿಂಗ್ ಬೆಳಕು ಬೀಳದಂತೆ ನೋಡಿಕೊಳ್ಳಿ. ಒಂದು ದಿನದ ಕೂಲಿಗಿಂತ ಆ ಅಂಗದ ಬೆಲೆ ಹೆಚ್ಚು.

ಓಡಾಟದ ಖರ್ಚು ಹೇಗೆ ನಿಭಾಯಿಸುವುದು?

ಗಂಗೂಬಾಯಿಯವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಕಲಿತವರು. ಈಗ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾರಿಗೆ ಬಸ್ ಉಚಿತ. ನನ್ನ ತರಗತಿಯಲ್ಲಿ ಹಳ್ಳಿಗಳಿಂದ ಬರುವ ಹುಡುಗಿಯರ ಸಂಖ್ಯೆ ಅದಾದ ಮೇಲೆಯೇ ಹೆಚ್ಚಿತು. ಅದುವರೆಗೆ ಅವರನ್ನು ತಡೆದದ್ದು ಆಸಕ್ತಿಯ ಕೊರತೆ ಅಂದುಕೊಂಡಿದ್ದ ನನಗೆ ನಾಚಿಕೆಯಾಯಿತು. ಹುಡುಗರು ವಾರಕ್ಕೆ ಎರಡು ದಿನದ ಪಾಠ ಕೇಳಿ, ಉಳಿದದ್ದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಮನೆಯಲ್ಲಿ ತಿದ್ದಿಕೊಳ್ಳಿ. ಮುದ್ರಿಸಿಕೊಳ್ಳಲು ಗುರುಗಳ ಒಪ್ಪಿಗೆ ಕೇಳಿ.

ಬೆಂಗಳೂರಿಗೆ ಹೋಗಲೇಬೇಕೇ?

ಕಲಿಯಲು ಹೋಗಿ, ಕೆಲಸಕ್ಕೆ ಕರೆದರೆ ಹೋಗಿ. ಅವಕಾಶ ಹುಡುಕುತ್ತ ಹೋಗಿ ಕೂರಬೇಡಿ. ಅಲ್ಲಿಯ ಬಾಡಿಗೆ ಅಭ್ಯಾಸದ ಹೊತ್ತನ್ನೆಲ್ಲ ತಿನ್ನುತ್ತದೆ. ನಮ್ಮಲ್ಲಿ ಮನೆಯಲ್ಲೊಂದು ಹೊತ್ತಿನ ರೊಟ್ಟಿ ಖಾತ್ರಿ, ಮತ್ತು ಆ ರೊಟ್ಟಿ ಐದು ವರ್ಷದ ವಿದ್ಯಾರ್ಥಿವೇತನಕ್ಕೆ ಸಮ.

ಊರಲ್ಲೇ ಇದ್ದು ಏನು ಮಾಡಬಹುದು ಎನ್ನುವವರು ಹಾನಗಲ್ ತಾಲೂಕಿನ ಶೇಷಗಿರಿಗೆ ಒಮ್ಮೆ ಹೋಗಿಬನ್ನಿ. ಸಣ್ಣ ಹಳ್ಳಿ. ಅಲ್ಲಿಯ ಯುವಕ ಮಂಡಳದವರು ನಾಟಕ ಆಡುತ್ತ ಆಡುತ್ತ ತಮ್ಮದೇ ರಂಗಮಂದಿರ ಮಾಡಿಕೊಂಡಿದ್ದಾರೆ. ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ರೊಟ್ಟಿ ಬಡಿಯುವವರು, ದನ ಕಾಯುವವರು, ಸಂತೆಯ ಜನ ಸಿಮೆಂಟಿನಲ್ಲಿ ನಿಂತಿದ್ದಾರೆ. ಅದನ್ನು ನೋಡಲು ಬೆಂಗಳೂರಿನವರೇ ಹೆದ್ದಾರಿಯಲ್ಲಿ ಬಸ್ಸು ನಿಲ್ಲಿಸಿ ಇಳಿಯುತ್ತಾರೆ.

ಎಷ್ಟು ಹಣ ಕೇಳಬೇಕು? ಕೇಳಿದರೆ ಮುಂದೆ ಕರೆಯದಿದ್ದರೆ?

ಇದಕ್ಕೆ ಸ್ವಲ್ಪ ಉದ್ದ ಉತ್ತರ ಬೇಕು. ನಮ್ಮ ಮನೆಗಳಲ್ಲಿ ಹಣ ಕೇಳುವುದನ್ನು ಯಾರೂ ಕಲಿಸುವುದಿಲ್ಲ. ಕೊಟ್ಟಷ್ಟು ತೆಗೆದುಕೊಂಡು ಬರುವುದೇ ಮರ್ಯಾದೆ ಎಂದು ಕಲಿಸುತ್ತಾರೆ. ಆದರೆ ಹಮಾಲರನ್ನು ನೋಡಿ. ಅಪ್ಪನ ತಂಡದಲ್ಲಿ ಚೀಲಕ್ಕೆ ಇಷ್ಟು ಎಂದು ಗೊತ್ತಾಗದೆ ಯಾರೂ ಲಾರಿಗೆ ಹೆಗಲು ಕೊಡುತ್ತಿರಲಿಲ್ಲ. ಎತ್ತಿದ ಚೀಲವನ್ನು ಅಂದೇ ಬರೆಸುತ್ತಿದ್ದರು. ಅಡತಿ ಅಂಗಡಿಯ ಗುಮಾಸ್ತರು ‘ನಾಳೆ ಬರೆದರಾಯಿತು’ ಎಂದರೆ ಅಪ್ಪ ಅಲ್ಲೇ ಚೀಲದ ಮೇಲೆ ಕುಳಿತುಬಿಡುತ್ತಿದ್ದರು. ಬೈಗುಳ ಇಲ್ಲ, ಕೂಗಾಟ ಇಲ್ಲ, ಬೀಡಿ ಹಚ್ಚಿ ಕೂರುವುದು ಅಷ್ಟೇ. ಗುಮಾಸ್ತರು ಐದು ನಿಮಿಷದಲ್ಲಿ ಪುಸ್ತಕ ತೆಗೆಯುತ್ತಿದ್ದರು. ನನಗೆ ಕಲಾವಿದನ ವ್ಯವಹಾರ ಕಲಿಸಿದ್ದು ಆ ಕೂರುವಿಕೆ.

ಕೆಲಸ ಒಪ್ಪುವ ಮೊದಲು ನಾಲ್ಕು ವಿಷಯ ಮೊಬೈಲಿನಲ್ಲಿ ಬರೆದು ಕಳಿಸಿ: ಒಟ್ಟು ಸಂಭಾವನೆ ಎಷ್ಟು, ಮುಂಗಡ ಎಷ್ಟು, ಓಡಾಟ ಊಟ ಯಾರದು, ಉಳಿದ ಹಣ ಯಾವಾಗ. ‘ಸರಿ’ ಎಂದು ಅವರಿಂದ ಉತ್ತರ ಬರಲಿ. ನಾಟಕದವರಾದರೆ ಮುಖಕ್ಕೆ ಬಣ್ಣ ಹಚ್ಚುವ ಮೊದಲು ಹಣ ಕೈ ಸೇರಲಿ. ಮೂರನೆಯ ಗಂಟೆ ಬಾರಿಸಿದ ಮೇಲೆ ಯಾರ ಜೇಬೂ ಬಿಚ್ಚುವುದಿಲ್ಲ. ಒಂದು ಉತ್ಸವ ಸಮಿತಿಯವರು ನನಗೆ ಹನ್ನೊಂದು ವರ್ಷದಿಂದ ಒಂದು ಕಮಾನಿನ ದುಡ್ಡು ಕೊಡಬೇಕು. ಈಗಲೂ ಸಿಕ್ಕಾಗ ಬಹಳ ಪ್ರೀತಿಯಿಂದ ಚಹಾ ಕುಡಿಸುತ್ತಾರೆ.

ದರ ಗೊತ್ತಾಗದಿದ್ದರೆ ಹೀಗೆ ಲೆಕ್ಕ ಹಾಕಿ: ತಾಲೀಮು ಸೇರಿ ಎಷ್ಟು ದಿನ ಹೋಗುತ್ತದೆ, ಆ ದಿನಗಳಲ್ಲಿ ಗೌಂಡಿ ಕೆಲಸಕ್ಕೆ ಹೋದರೆ ಎಷ್ಟು ಬರುತ್ತಿತ್ತು. ಅದಕ್ಕಿಂತ ಕೆಳಗೆ ಇಳಿಯಬೇಡಿ. ‘ವೇದಿಕೆ ಕೊಡುತ್ತೇವೆ, ಹೆಸರು ಬರುತ್ತದೆ’ ಎನ್ನುವವರನ್ನು ಒಂದು ಪ್ರಶ್ನೆ ಕೇಳಿ: ಶಾಮಿಯಾನದವನಿಗೂ ಹೆಸರೇ ಕೊಡುತ್ತೀರಾ? ಮುಂದೆ ಕರೆಯದೆ ಇರುವವರು ಕೆಲವರು ಇರುತ್ತಾರೆ. ಅವರು ಕರೆಯದಿದ್ದ ರಾತ್ರಿ ಮನೆಯಲ್ಲಿ ಮಲಗಬಹುದು.

ಪುಕ್ಕಟೆ ಮಾಡುವ ಕೆಲಸವೂ ಇದೆ. ಓಣಿಯ ಗಣಪತಿ, ಗೆಳೆಯನ ಮದುವೆ, ಕಲಿತ ಶಾಲೆ. ಅವುಗಳಿಗೆ ಹಣ ಕೇಳಿದರೆ ನೀವು ನಮ್ಮವರಲ್ಲ.

ಜಾತ್ರೆಯ ದಿನ ಮುಗಿದರೆ ಕೆಲಸವಿಲ್ಲ. ಮಳೆಗಾಲ ಹೇಗೆ ಕಳೆಯುವುದು?

ಸುಗ್ಗಿ ಮುಗಿದು ರೈತರ ಕೈಯಲ್ಲಿ ದುಡ್ಡು ಆಡುವಾಗ ಜಾತ್ರೆ, ನಾಟಕ, ಸಪ್ತಾಹ. ಮಿರಗದ ಮಳೆ ಬಿದ್ದರೆ ಪರದೆ ಸುತ್ತಿ ಅಟ್ಟಕ್ಕೆ. ಇದು ಒಂದು ವರ್ಷದ ಸಂಕಟವಲ್ಲ, ಪ್ರತಿ ವರ್ಷದ್ದು, ಆದ್ದರಿಂದ ಲೆಕ್ಕಕ್ಕೆ ಸಿಗುತ್ತದೆ. ಬಂದ ಪ್ರತಿ ಸಂಭಾವನೆಯಲ್ಲಿ ನಾಲ್ಕನೆಯ ಒಂದು ಭಾಗವನ್ನು ಅಂಚೆ ಕಚೇರಿಯಲ್ಲಿಡುವುದು ನನ್ನ ರೂಢಿ. ಮನೆಯ ಡಬ್ಬಿಯಲ್ಲಿ ಇಟ್ಟರೆ ಡಬ್ಬಿಗೆ ಕಾಲು ಬರುತ್ತವೆ.

ಪೇಟಿ ತಬಲಾದವರಿಗೆ ಶ್ರಾವಣ ಒಳ್ಳೆಯ ತಿಂಗಳು. ಮಠಗಳಲ್ಲಿ ಊರ ಗುಡಿಗಳಲ್ಲಿ ತಿಂಗಳಿಡೀ ಪುರಾಣ ಪ್ರವಚನ, ಅದಕ್ಕೆ ಸಂಗೀತದವರು ಬೇಕು, ಊಟ ವಸತಿ ಅಲ್ಲೇ. ಆದರೆ ಅದಕ್ಕೆ ಮಾತುಕತೆ ಜ್ಯೇಷ್ಠದಲ್ಲೇ ಆಗಿಬಿಡುತ್ತದೆ. ಶ್ರಾವಣದಲ್ಲಿ ಹುಡುಕಿದವರಿಗೆ ಸಿಗುವುದಿಲ್ಲ. ಚಿತ್ರಕಾರರಿಗೆ ಗಣಪತಿ ಇದ್ದಾನೆ. ಮಣ್ಣು ತುಳಿಯುವುದು ಬೇಸಿಗೆಯಲ್ಲೇ ಶುರು, ಬಣ್ಣ ಕಣ್ಣು ಬರೆಯುವ ಹೊತ್ತಿಗೆ ಕೈಚಳಕದವರಿಗೆ ಎಲ್ಲಿಲ್ಲದ ಬೇಡಿಕೆ. ನಾನು ಚಿತ್ರಕಲೆ ಓದುವಾಗ ನನ್ನ ಫೀ ಕಟ್ಟಿದ್ದು ಗಣಪತಿಯ ಕಣ್ಣುಗಳು. ಒಂದು ಕಣ್ಣು ತಪ್ಪಿದರೆ ಮೂರ್ತಿಯೇ ಹೋಯಿತು, ಆದ್ದರಿಂದ ಉಸಿರು ಹಿಡಿದು ಬರೆಯುತ್ತಿದ್ದೆ. ಈಗಲೂ ಸಣ್ಣ ಗೆರೆ ಎಳೆಯುವಾಗ ಉಸಿರು ತಾನೇ ನಿಲ್ಲುತ್ತದೆ.

ಸರ್ಕಾರದಿಂದ ಏನಾದರೂ ಸಿಗುತ್ತದೆಯೇ?

ಸಿಗುತ್ತದೆ, ಕಡತ ಇದ್ದವರಿಗೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಾರ್ಯಕ್ರಮಗಳು, ವಾದ್ಯ ಪರಿಕರ ಮತ್ತು ವೇಷಭೂಷಣಕ್ಕೆ ಧನಸಹಾಯ, ವಯಸ್ಸಾದ ಕಲಾವಿದರಿಗೆ ಮಾಸಾಶನ ಇವೆ. ಅರ್ಜಿ ರಾಜ್ಯ ಸರ್ಕಾರದ ಆನ್‌ಲೈನ್ ತಾಣ ಸೇವಾ ಸಿಂಧು ಮೂಲಕ. ಮಾಸಾಶನದ ಅರ್ಜಿಯಲ್ಲಿ ಎಷ್ಟು ವರ್ಷ ಕಲಾಸೇವೆ ಮಾಡಿದ್ದೀರಿ, ದಾಖಲೆ ಕೊಡಿ ಎನ್ನುತ್ತಾರೆ. ನಲವತ್ತು ವರ್ಷ ಪುರವಂತಿಕೆ (ವೀರಭದ್ರನ ಕುಣಿತ) ಮಾಡಿದ ಅಜ್ಜ, ದೊಡ್ಡಾಟದಲ್ಲಿ ಭೀಮನಾಗಿ ಊರನ್ನೇ ನಡುಗಿಸಿದವರು, ಒಂದು ಕರಪತ್ರವೂ ಇಲ್ಲದೆ ಕೌಂಟರಿನ ಮುಂದೆ ನಿಂತದ್ದನ್ನು ನಾನು ನೋಡಿದ್ದೇನೆ. ಆದ್ದರಿಂದ ಇಂದೇ ಒಂದು ಪ್ಲಾಸ್ಟಿಕ್ ಕಡತ ಕೊಳ್ಳಿ. ಕರಪತ್ರ, ಆಮಂತ್ರಣ, ಪತ್ರಿಕೆಯ ತುಣುಕು, ನೀವು ವೇದಿಕೆಯ ಮೇಲಿರುವ ಫೋಟೊ, ಸಂಘಟಕರ ಪತ್ರ, ಎಲ್ಲವೂ ದಿನಾಂಕದೊಂದಿಗೆ ಅದರೊಳಗೆ. ಮದುವೆಯ ಸೀರೆಗಳ ಪಕ್ಕ ಇಡಿ, ಅಲ್ಲಿ ಮಾತ್ರ ಇಲಿ ಬರದಂತೆ ನೋಡಿಕೊಳ್ಳುತ್ತಾರೆ.

ಪ್ಯಾನ್ ಕಾರ್ಡ್ ಮಾಡಿಸಿ. ಸಂಭಾವನೆಯಲ್ಲಿ ಟಿಡಿಎಸ್ (ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ) ಹಿಡಿಯುವ ಕಡೆ ಪ್ಯಾನ್ ಇಲ್ಲದವರಿಗೆ ಶೇ 20ರಷ್ಟು ಕಡಿತವಾಗುತ್ತದೆ. ಹಿಡಿದ ಹಣವನ್ನು, ನಿಮ್ಮ ಆದಾಯ ತೆರಿಗೆ ಮಿತಿಯೊಳಗಿದ್ದರೆ, ರಿಟರ್ನ್ಸ್ ಸಲ್ಲಿಸಿ ವಾಪಸ್ ಪಡೆಯಬಹುದು. ಬಹಳ ಜನ ಅದನ್ನು ಹೋದ ದುಡ್ಡು ಎಂದು ಬಿಟ್ಟುಬಿಡುತ್ತಾರೆ.

ತಂಡ ಇದ್ದವರು ಸಂಘ ನೋಂದಾಯಿಸಿ. ಏಳು ಜನ ಸದಸ್ಯರು ಸಾಕು. ವರ್ಷ ವರ್ಷದ ಲೆಕ್ಕಪತ್ರ ಸಲ್ಲಿಸದಿದ್ದರೆ ನೋಂದಣಿ ಇದ್ದೂ ಇಲ್ಲದಂತೆ. ಡೊಳ್ಳಿನ ತಂಡಗಳು ಒಡೆಯುವುದು ಜಗಳದಿಂದ ಕಡಿಮೆ, ಲೆಕ್ಕ ಬರೆಯದ್ದರಿಂದ ಹೆಚ್ಚು.

ಶಿಲ್ಪಿಗಳು, ಕುಂಬಾರರು, ಬಡಿಗರು, ಗೊಂಬೆ ಮಾಡುವವರಿಗೆ 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಿದೆ. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000 ರೂಪಾಯಿ, ಜಾಮೀನಿಲ್ಲದೆ ಮೊದಲು ಒಂದು ಲಕ್ಷದವರೆಗೆ ಶೇ 5ರ ಬಡ್ಡಿಯಲ್ಲಿ ಸಾಲ. ಅದರಲ್ಲಿರುವುದು 18 ಕಸುಬುಗಳು. ಬೋರ್ಡು ಬರೆಯುವವರು ಆ ಪಟ್ಟಿಯಲ್ಲಿಲ್ಲ. ನಮ್ಮನ್ನು ಯಾರೂ ಕುಶಲಕರ್ಮಿಗಳೆಂದೂ ಎಣಿಸಲಿಲ್ಲ, ಕಲಾವಿದರೆಂದೂ ಎಣಿಸಲಿಲ್ಲ.

ಆಕಾಶವಾಣಿ ಗ್ರೇಡ್ ಇನ್ನೂ ಬೇಕೇ?

ಬೇಕು. ಧಾರವಾಡ ನಿಲಯ 1950ರಿಂದ ಇದೆ, ಧ್ವನಿ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಬಿ, ಬಿ-ಹೈ, ಎ, ಟಾಪ್ ಎಂಬ ಶ್ರೇಣಿಗಳು. ಕಾರ್ಯಕ್ರಮದ ಹಣಕ್ಕಿಂತ ಆ ಅಕ್ಷರದ ಉಪಯೋಗ ಹೆಚ್ಚು. ಹೊರಗಿನ ಸಂಘಟಕರೊಂದಿಗೆ ಸಂಭಾವನೆಯ ಮಾತಿಗೆ ಕೂತಾಗ ನಿಮ್ಮ ಮನೆತನ ಕೇಳುವ ಬದಲು ಗ್ರೇಡ್ ಕೇಳುತ್ತಾರೆ.

ಹೆಣ್ಣುಮಗಳನ್ನು ನಾಟಕ, ಆರ್ಕೆಸ್ಟ್ರಾಕ್ಕೆ ಕಳಿಸಬಹುದೇ? ಜನ ಆಡಿಕೊಳ್ಳುತ್ತಾರೆ.

ಆಡಿಕೊಳ್ಳುತ್ತಾರೆ. ಧಾರವಾಡದ ಓಣಿಯಲ್ಲಿ ಗಂಗೂಬಾಯಿಯವರನ್ನೂ ಗಾಯನದ ಮನೆತನದವಳು ಎಂದು ಹಂಗಿಸಿದರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯ ಎದುರು ಸ್ವಾಗತ ಗೀತೆ ಹಾಡಿದ ಆ ಹುಡುಗಿಗೆ ಹಾಡಿಗಿಂತ ದೊಡ್ಡ ಅಂಜಿಕೆ, ಜಾತಿಯ ಕಾರಣಕ್ಕೆ ಎಲ್ಲಿ ಉಂಡ ಎಲೆ ಎತ್ತಲು ಹೇಳುತ್ತಾರೋ ಎಂಬುದು. ಮುಂದೆ ಪದ್ಮವಿಭೂಷಣ ಬಂತು, ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಅವರದೇ ಹೆಸರಾಯಿತು. ನಡುವಿನ ಎಪ್ಪತ್ತು ಎಂಬತ್ತು ವರ್ಷ ಮಾತ್ರ ಅವರೇ ನಡೆಯಬೇಕಾಯಿತು.

ಕಳಿಸುವ ವಿಷಯ. ಒಬ್ಬಳೇ ಬೇಡ, ಇಬ್ಬರು ಕಲಾವಿದೆಯರು ಜೊತೆಯಾಗಿ ಒಪ್ಪಿಕೊಳ್ಳಲಿ. ಬರಲು ಹೋಗಲು ಗಾಡಿ ಊರಿನವರದು, ಚಾಲಕನ ನಂಬರ್ ಮೊದಲೇ ಮನೆಗೆ. ಬಣ್ಣ ಹಚ್ಚಿಕೊಳ್ಳುವ ಕೋಣೆಗೆ ಒಳಗಿನಿಂದ ಚಿಲಕ ಇದೆಯೇ ಎಂದು ಮುಂಗಡ ಪಡೆಯುವಾಗಲೇ ಕೇಳಿ. ಈ ಪ್ರಶ್ನೆ ಕೇಳಿ ನಗುವ ತಂಡಕ್ಕೆ ಹೋಗಬೇಡಿ.

ದೊಡ್ಡವರ ಸಭೆಯಲ್ಲಿ ಕೀಳರಿಮೆ ಕಾಡುತ್ತದೆ. ಏನು ಮಾಡುವುದು?

ನನಗೂ ಹೋಗಿಲ್ಲ. ಚಿತ್ರಪ್ರದರ್ಶನಗಳಲ್ಲಿ ಜನ ಒಂದು ಗೆರೆಯ ಬಗ್ಗೆ ಅರ್ಧ ಗಂಟೆ ಇಂಗ್ಲಿಷಿನಲ್ಲಿ ಮಾತಾಡುವಾಗ ನಾನು ಚೌಕಟ್ಟಿನ ಮೊಳೆ ಸರಿಯಾಗಿ ಕೂತಿದೆಯೇ ಎಂದು ನೋಡುತ್ತಿರುತ್ತೇನೆ. ಒಂದು ಸಲ ಕೂತಿರಲಿಲ್ಲ, ನಾನೇ ಬಡಿದೆ. ಅಂದಿನಿಂದ ಅಲ್ಲಿಯ ವ್ಯವಸ್ಥಾಪಕರು ಪ್ರತಿ ಪ್ರದರ್ಶನದ ಕೆಲಸಕ್ಕೂ ಕರೆಯುತ್ತಾರೆ.

ಫ್ಲೆಕ್ಸ್ ಬಂತು, ಈಗ ಕಂಪ್ಯೂಟರೇ ಚಿತ್ರ ಬರೆಯುತ್ತದೆ. ಮುಂದೆ ಕೆಲಸ ಉಳಿಯುತ್ತದೆಯೇ?

ಫ್ಲೆಕ್ಸ್ ಬಂದ ವರ್ಷ ಹುಬ್ಬಳ್ಳಿ ಪೇಟೆಯ ದುರ್ಗದಬೈಲಿನ ಸುತ್ತ ನಾನು ಬರೆದಿದ್ದ ಬೋರ್ಡುಗಳು ಒಂದೊಂದಾಗಿ ಇಳಿದವು. ಒಬ್ಬ ಅಂಗಡಿಕಾರರು ನನ್ನ ಹಳೆಯ ಬೋರ್ಡನ್ನು ಎಸೆಯಲಾರದೆ ಅದರ ಮೇಲೆಯೇ ಫ್ಲೆಕ್ಸ್ ಹೊಡೆಸಿದರು. ಬಿಸಿಲಿಗೆ ಆ ಫ್ಲೆಕ್ಸ್ ಮೂರು ವರ್ಷದಲ್ಲಿ ಹರಿಯಿತು, ಕೆಳಗಿನಿಂದ ನನ್ನ ‘ಕಿರಾಣಿ’ಯ ‘ಕಿ’ ಇಣುಕಿತು. ಖುಷಿಯಾಯಿತು, ನಿಜ, ಆದರೆ ಅವರು ಮತ್ತೆ ಕರೆದದ್ದು ಫ್ಲೆಕ್ಸಿನವನನ್ನೇ. ಆ ಕೆಲಸ ಮರಳಿ ಬರಲಿಲ್ಲ. ನನ್ನ ಜೊತೆಗಿದ್ದವರಲ್ಲಿ ಉಳಿದುಕೊಂಡವರು ಮೂರು ಜನ: ಒಬ್ಬ ಫ್ಲೆಕ್ಸ್ ಅಂಗಡಿಯಲ್ಲೇ ಅಕ್ಷರ ಜೋಡಿಸಲು ಕುಳಿತ, ಒಬ್ಬ ಶಾಲೆಯ ಗೋಡೆಗಳಿಗೆ ಚಿತ್ರ ಬರೆಯತೊಡಗಿದ, ನಾನು ಪರದೆಗೆ ಹೋದೆ. ಉಳಿದವರು ಬೇರೆ ದುಡಿಮೆಗೆ ಹೋದರು. ಅವರ ಕೈ ನನ್ನದಕ್ಕಿಂತ ಚೆನ್ನಾಗಿತ್ತು. ಒಂದೇ ಕೆಲಸ ಕಲಿತಿದ್ದರು.

ಕಲೆ ಬಿಟ್ಟುಬಿಡಬೇಕು ಅನಿಸಿದರೆ?

ಬಿಡಬಹುದು. ಮನೆಯಲ್ಲಿ ರೋಗಿಗಳಿದ್ದಾಗ, ಸಾಲದವರು ಬಾಗಿಲಿಗೆ ಬಂದಾಗ ನಾನು ಎರಡು ವರ್ಷ ಬಿಟ್ಟು ಗೋದಾಮಿನಲ್ಲಿ ಚೀಲ ಎಣಿಸಿದೆ. ಎಣಿಸುತ್ತ ಖಾಲಿ ಚೀಟಿಯ ಹಿಂದೆ ಹಮಾಲರ ಬೆನ್ನು ಬರೆದೆ. ಬಿಟ್ಟದ್ದಕ್ಕೆ ಯಾರ ಬಳಿಯೂ ಕ್ಷಮೆ ಕೇಳಬೇಕಿಲ್ಲ. ಸಾಮಾನು ಮಾತ್ರ ಮಾರಬೇಡಿ. ಮಾರಿದ ತಬಲಾವನ್ನು ಮತ್ತೆ ಕೊಳ್ಳುವುದು ಹೊಸ ತಬಲಾ ಕೊಳ್ಳುವುದಕ್ಕಿಂತ ಕಷ್ಟ.

ಮಗಳು ಹಾಡುತ್ತಾಳೆ. ಹಳೆಯ ಪೇಟಿ ತೆಗೆದುಕೊಳ್ಳಬಹುದೇ?

ಧಾರಾಳವಾಗಿ. ನುಡಿಸಲು ಬಲ್ಲವರನ್ನು ಜೊತೆಗೆ ಕರೆದೊಯ್ಯಿರಿ. ಮೇಲಿನ ಹೊಳಪು ನೋಡಬೇಡಿ. ಕೀಲಿ ಒತ್ತದೆ ಭಾತೆಯನ್ನು (ಗಾಳಿ ತುಂಬುವ ತಿದಿಯನ್ನು) ನಾಲ್ಕು ಸಲ ಹೊಡೆದು ಬಿಡಿ: ಗಾಳಿ ಒಳಗೇ ನಿಂತರೆ ಸರಿ, ತಾನಾಗಿ ಸೋರಿ ಭಾತೆ ಕುಸಿದರೆ ಒಳಗೆ ದುರಸ್ತಿಯಿದೆ. ನಂತರ ಒಂದೊಂದೇ ಕೀಲಿ ಒತ್ತಿ, ಕಪ್ಪನ್ನೂ ಬಿಡದೆ. ಒತ್ತದ ಕೀಲಿ ತಾನೇ ಕೂಗಿದರೆ ಬೆಲೆ ಇಳಿಸಲು ಹೇಳಿ. ಇಳಿಸದಿದ್ದರೆ ಅವಸರ ಮಾಡಬೇಡಿ, ಅಲ್ಲೇ ಸ್ವಲ್ಪ ಹೊತ್ತು ಕುಳಿತುಕೊಳ್ಳಿ.